ಹತ್ತದೆ ಉಳಿದ ಎಂಟುನೂರು ಮೆಟ್ಟಿಲು

ಸುಬ್ರಾಯ ಹೊಟ್ಟೆಕಿಚ್ಚಿನ ಮನುಷ್ಯ ಎಂದು ಯಾರಾದರೂ ಹೇಳಿದ್ದರೆ ಡಬ್ಲಿನ್ನಿನ ಸ್ಯಾಂಟ್ರಿ ಬಡಾವಣೆಯ ಕನ್ನಡದವರು ನಂಬುತ್ತಿರಲಿಲ್ಲ. ಅವನ ಜೊತೆಗೇ ಐರ್ಲೆಂಡಿಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಮನೆ ಕೊಂಡರು, ಕಾರು ಬದಲಾಯಿಸಿದರು. ಅವರ ಗೃಹಪ್ರವೇಶಗಳಿಗೆ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಎತ್ತಿಡುತ್ತಿದ್ದವನು, ಎಲ್ಲರೂ ಹೊರಟ ಮೇಲೆ ಕಸ ಗುಡಿಸುತ್ತಿದ್ದವನು ಅವನೇ. ಹೆಂಡತಿ ಗೀತಾಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ. ಅವಳ ಬೆನ್ನ ಹಿಂದೆ ಬಂದವನು ತಾನು ಎಂದು ಸುಬ್ರಾಯ ತಾನಾಗಿಯೇ ನಗುತ್ತ ಹೇಳಿಕೊಳ್ಳುತ್ತಿದ್ದ. ಅಂಥವನನ್ನು ನಲವತ್ತಾರನೆಯ ವಯಸ್ಸಿನಲ್ಲಿ, ಮರಳುಗಾಡಿನ ಒಂದು ಸಣ್ಣ ಊರಿನ ಸಲುವಾಗಿ, ಹೊಟ್ಟೆಕಿಚ್ಚು ಹಿಡಿದು ಆಡಿಸಿಬಿಟ್ಟಿತು.

ಆ ಊರಿನ ಹೆಸರು ವಾದಿ ಮೂಸಾ. ಜೋರ್ಡಾನ್ ದೇಶದಲ್ಲಿದೆ. ಎರಡು ಸಾವಿರ ವರ್ಷದ ಹಿಂದೆ ಬೆಟ್ಟಗಳನ್ನೇ ಕೊರೆದು ಕಟ್ಟಿದ ಪೆಟ್ರಾ ಪಟ್ಟಣಕ್ಕೆ ಹೋಗುವವರು ಇಳಿದುಕೊಳ್ಳುವುದು ಅಲ್ಲಿ. ಐರ್ಲೆಂಡಿಗೆ ಬರುವ ಮುಂಚೆ ಸುಬ್ರಾಯ ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಇತಿಹಾಸದ ಮೇಷ್ಟ್ರಾಗಿದ್ದ. ಕಾಲೇಜಿನ ಲೈಬ್ರರಿಯ ಒಂದು ಚಿತ್ರಪುಸ್ತಕದಲ್ಲಿ ಅವನಿಗೆ ಪೆಟ್ರಾ ಸಿಕ್ಕಿತ್ತು. ಎಲ್ಲರೂ ಬಾಯಿ ಬಿಟ್ಟು ನೋಡುವ ಗುಲಾಬಿ ಬಣ್ಣದ ಕಂಬಗಳು ಅವನ ಮನಸ್ಸನ್ನು ಅಷ್ಟಾಗಿ ಹಿಡಿಯಲಿಲ್ಲ. ಅವನನ್ನು ಹಿಡಿದದ್ದು ನೀರು. ವರ್ಷದಲ್ಲಿ ನಾಲ್ಕು ಮಳೆ ಬಿದ್ದರೆ ಹೆಚ್ಚು ಎನ್ನುವ ಜಾಗದಲ್ಲಿ ಆ ಜನ ಬಂಡೆಯ ಮೈಯಲ್ಲಿ ಬೆರಳಗಲದ ತೋಡು ಕೊರೆದು, ಒಂದೊಂದು ಹನಿಯನ್ನೂ ತೊಟ್ಟಿಗಳಿಗೆ ಇಳಿಸಿ, ಇಡೀ ಪಟ್ಟಣಕ್ಕೆ ಕುಡಿಸಿದ್ದರು. ಸುಬ್ರಾಯ ಹುಟ್ಟಿದ್ದು ನಾಲ್ಕು ತಿಂಗಳು ಮಳೆ ಬಿಡದ ಭಟ್ಕಳದ ಹತ್ತಿರ. ನೀರೆಂದರೆ ಹೊರಗೆ ಹಾಕುವ ವಸ್ತು ಎಂದುಕೊಂಡೇ ಬೆಳೆದವನಿಗೆ ಇದು ಪವಾಡದಂತೆ ಕಂಡಿತು. ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ಪ್ರತಿ ವರ್ಷ ಕೊನೆಯ ತರಗತಿಯಲ್ಲಿ ಇಪ್ಪತ್ತು ನಿಮಿಷ ಆ ತೋಡುಗಳ ಕಥೆ ಹೇಳುತ್ತಿದ್ದ. ಒಂದು ಸಲ ಅಲ್ಲಿಗೆ ಹೋಗಿ ತೋಡಿನಲ್ಲಿ ಬೆರಳಿಟ್ಟು ನೋಡಬೇಕು ಎಂಬುದೊಂದೇ ಅವನಿಗಿದ್ದ ಆಸೆ.

ಡಬ್ಲಿನ್ನಿನಲ್ಲಿ ಅವನಿಗೆ ಮೇಷ್ಟ್ರ ಕೆಲಸ ಸಿಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬ್ಯಾಗು ತಪಾಸಣೆ ಮಾಡುವ ಕೆಲಸ ಸಿಕ್ಕಿತು. ನಾಲ್ಕು ವರ್ಷ ಸಾವಿರಾರು ಜನರ ಶೂ, ಬೆಲ್ಟು, ಟ್ರೇ ನೋಡಿದ. ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಊಹಿಸುವುದು ಅವನಿಗೊಂದು ಆಟವಾಗಿತ್ತು. ಯಾರ ಮೇಲೂ ಅಸೂಯೆ ಹುಟ್ಟಿರಲಿಲ್ಲ. ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಕೋವಿಡ್ ಬಂದು ವಿಮಾನಗಳೇ ನಿಂತುಹೋದವು, ಸುಬ್ರಾಯ ಮನೆಯಲ್ಲಿ ಕುಳಿತ.

ಆಗ ಹತ್ತಿರವಾದವನು ದಿಲೀಪ್. ಅದೇ ಅಪಾರ್ಟ್‌ಮೆಂಟಿನ ಎರಡು ಮಹಡಿ ಕೆಳಗೆ ಒಬ್ಬನೇ ಇದ್ದ, ಬೆಂಗಳೂರಿನ ಹುಡುಗ, ಮೂವತ್ತಮೂರು ವರ್ಷ. ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಕೂತು, ಸಂಜೆಯಾದರೆ ಮಾತಾಡಲು ಮನುಷ್ಯರೇ ಇಲ್ಲದೆ ಒದ್ದಾಡುತ್ತಿದ್ದ. ಮನೆಯಿಂದ ಎರಡು ಕಿಲೋಮೀಟರ್ ಮೀರಿ ಹೋಗುವಂತಿರಲಿಲ್ಲ, ಆಮೇಲೆ ಅದು ಐದಾಯಿತು. ಇಬ್ಬರೂ ಎರಡು ಮೀಟರ್ ಅಂತರ ಬಿಟ್ಟುಕೊಂಡು ಸ್ಯಾಂಟ್ರಿ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದರು. ತಲೆಯ ಮೇಲೆ ಒಂದು ವಿಮಾನವೂ ಇಲ್ಲದ ಆಕಾಶ. ಮೇಷ್ಟ್ರಿಗೆ ಬಹಳ ವರ್ಷಗಳ ನಂತರ ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ.

"ಆಮೇಲೆ ಏನಾಯ್ತು ಮೇಷ್ಟ್ರೇ?" ಎಂದು ದಿಲೀಪ್ ಕೇಳುತ್ತಿದ್ದ. ಸುಬ್ರಾಯ ಹೇಳುತ್ತ ಹೋಗುತ್ತಿದ್ದ. ಇಕ್ಕಟ್ಟಿನ ಕಣಿವೆ, ಅದರ ತುದಿಯಲ್ಲಿ ಒಮ್ಮೆಲೇ ಎದುರಾಗುವ ಖಜಾನೆ ಎಂಬ ಕಟ್ಟಡ, ಗೋಡೆಯುದ್ದಕ್ಕೂ ಹರಿಯುವ ತೋಡು. ಒಂದನ್ನು ಮಾತ್ರ ಬೇಕೆಂದೇ ಹೇಳದೆ ಉಳಿಸಿಕೊಂಡಿದ್ದ. ಪಟ್ಟಣದ ಹಿಂದಿನ ಗುಡ್ಡದ ಮೇಲೆ, ಎಂಟುನೂರು ಮೆಟ್ಟಿಲು ಹತ್ತಿದರೆ ಸಿಗುವ, 'ಮಠ' ಎಂದು ಕರೆಯುವ ಕಟ್ಟಡ. ಖಜಾನೆಗಿಂತ ದೊಡ್ಡದು, ಎದುರಿಗೆ ಬರೀ ಆಕಾಶ. ದಿಲೀಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಏನೂ ಹೇಳದೆ ಅದರ ಮುಂದೆ ನಿಲ್ಲಿಸಬೇಕು ಎಂಬುದು ಮೇಷ್ಟ್ರ ಲೆಕ್ಕ.

ಇಪ್ಪತ್ತೊಂದರ ಬೇಸಿಗೆಯಲ್ಲಿ ಇಬ್ಬರಿಗೂ ಲಸಿಕೆ ಆಯಿತು. ಸುಬ್ರಾಯ ಕೆಲಸಕ್ಕೆ ಮರಳಿದ. ಅಕ್ಟೋಬರಿನ ಕೊನೆಯ ವಾರ ಹೋಗುವುದೆಂದು ಇಬ್ಬರೂ ಕೂತು ಟಿಕೆಟ್ ಮಾಡಿದರು. ಗೀತಾಗೆ ಆಗ ರಜೆ ಸಿಗುವಂತಿರಲಿಲ್ಲ. "ನೀವು ಹೋಗ್ಬನ್ನಿ ರೀ. ಹದಿನೈದು ವರ್ಷದಿಂದ ಕೇಳಿ ಕೇಳಿ ನಂಗೇ ಅಲ್ಲಿನ ಗಲ್ಲಿಯೆಲ್ಲ ಬಾಯಿಪಾಠ ಆಗಿದೆ" ಎಂದಳು. ಸುಬ್ರಾಯ ಒಂದು ನೋಟ್‌ಬುಕ್ಕಿನ ತುಂಬ ಯಾವ ಹೊತ್ತಿಗೆ ಯಾವ ಬಂಡೆಯ ಮೇಲೆ ಬಿಸಿಲು ಬೀಳುತ್ತದೆ ಎಂಬುದನ್ನೂ ಬರೆದುಕೊಂಡ.

ಭಾನುವಾರ ವಿಮಾನ. ಶುಕ್ರವಾರ ಇಬ್ಬರೂ ಕೋವಿಡ್ ಪರೀಕ್ಷೆಗೆ ಮೂಗು ಒಡ್ಡಿ ಬಂದರು. ಶನಿವಾರ ಮಧ್ಯಾಹ್ನ ಫಲಿತಾಂಶ ಬಂತು. ದಿಲೀಪನದು ನೆಗೆಟಿವ್. ಸುಬ್ರಾಯನದು ಪಾಸಿಟಿವ್.

ಮೂರು ಸಲ ಓದಿದ. ಬೆಳಿಗ್ಗೆಯಿಂದ ಗಂಟಲಲ್ಲಿ ಏನೋ ಕೆರೆತ ಇದ್ದದ್ದು ನಿಜ, ಆದರೆ ಅದು ಉತ್ಸಾಹಕ್ಕೆ ಎಂದುಕೊಂಡಿದ್ದ. ಫೋನ್ ಮಾಡಿದಾಗ ದಿಲೀಪನ ದನಿಯೇ ಇಂಗಿಹೋಯಿತು. "ನಾನೂ ಕ್ಯಾನ್ಸಲ್ ಮಾಡ್ತೀನಿ ಮೇಷ್ಟ್ರೇ. ನೀವಿಲ್ದೆ ನಾನೊಬ್ನೇ ಹೋಗಿ ಏನ್ ಮಾಡ್ಲಿ?"

"ಹುಚ್ಚಾ ನಿಂಗೆ? ಹೋಗ್ ಬಾ. ಇಬ್ರೂ ಯಾಕೆ ಕಳ್ಕೋಬೇಕು" ಎಂದ ಸುಬ್ರಾಯ. ನೋಟ್‌ಬುಕ್ಕನ್ನೂ ಗೀತಾಳ ಕೈಲಿ ಕೆಳಗೆ ಕಳಿಸಿದ. ದಿಲೀಪ್ ಇನ್ನೊಂದು ಸಲ ಬೇಡ ಅನ್ನುತ್ತಾನೆ ಎಂದು ಕಾದಿದ್ದ. ದಿಲೀಪ್ ಅನ್ನಲಿಲ್ಲ. ಹೊಟ್ಟೆಯಲ್ಲಿ ಕಿಡಿ ಬಿದ್ದದ್ದು ಆಗ.

ಮನೆಯ ಅತಿ ಸಣ್ಣ ಕೋಣೆಯಲ್ಲಿ ಅವನು ಹತ್ತು ದಿನ ಇರಬೇಕಾಗಿತ್ತು. ಗೀತಾ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಹನ್ನೊಂದು ವರ್ಷದ ಮಗಳು ಇಂಚರಾ ಬಾಗಿಲಿಗೆ ಬಾಯಿಟ್ಟು, "ಯು'ಲ್ ಬಿ ಗ್ರ್ಯಾಂಡ್, ಅಪ್ಪಾ!" ಎಂದು ಐರಿಷ್ ಮಕ್ಕಳ ಹಾಗೆ ಧೈರ್ಯ ಹೇಳಿ ಕೂಗುತ್ತಿದ್ದಳು. ನಾಲಿಗೆಯ ರುಚಿ ಹೋಗಿತ್ತು, ಮೂಗಿನ ವಾಸನೆ ಹೋಗಿತ್ತು. ಕಣ್ಣು ಮಾತ್ರ ಚೆನ್ನಾಗಿತ್ತು, ಅದೇ ತೊಂದರೆಯಾಯಿತು. ಗಂಟೆಗೆ ಹತ್ತರಂತೆ ದಿಲೀಪನ ಫೋಟೋಗಳು ಬರುತ್ತಿದ್ದವು.

ಮೊದಲ ದಿನ ವಾದಿ ಮೂಸಾದ ಬೀದಿ. ಇಳಿಜಾರಿನ ಮೇಲೆ ಒಂದರ ಮೇಲೊಂದು ಹತ್ತಿಕೊಂಡ ಮಣ್ಣುಬಣ್ಣದ ಮನೆಗಳು, ಮಹಡಿಯ ಮೇಲೆ ನೀರಿನ ಟ್ಯಾಂಕುಗಳು, ಬೇಕರಿಯ ಮುಂದೆ ಬಿಸಿ ರೊಟ್ಟಿಗೆ ನಿಂತ ಮಕ್ಕಳು. ಕೋವಿಡ್ಡಿನಿಂದ ಪ್ರವಾಸಿಗರೇ ಇರಲಿಲ್ಲವಂತೆ. ದಿಲೀಪ್ ಇಳಿದುಕೊಂಡ ಸಣ್ಣ ಹೋಟೆಲಿನ ಸಾಲಿಮ್ ಎಂಬಾತ ಅವನನ್ನು ಮನೆಯವನ ಹಾಗೆ ನೋಡಿಕೊಳ್ಳುತ್ತಿದ್ದನಂತೆ. ಎರಡನೆಯ ದಿನ ಕಣಿವೆ, ಖಜಾನೆ. ಅದರ ಮುಂದೆ ದಿಲೀಪ್ ಒಬ್ಬನೇ, ಕೈ ಅಗಲಿಸಿ, ಹಲ್ಲು ಬಿಟ್ಟುಕೊಂಡು. ಒಂದು ನರಪಿಳ್ಳೆಯೂ ಅಡ್ಡ ಇರಲಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಸಿಗುವ ಏಕಾಂತ ಅದು, ಸಿಕ್ಕಿದ್ದು ಪೆಟ್ರಾ ಎಂಬ ಹೆಸರನ್ನೇ ಹೋದ ವರ್ಷದವರೆಗೆ ಕೇಳಿರದವನಿಗೆ.

'ಸೂಪರ್' ಎಂದು ಸುಬ್ರಾಯ ಉತ್ತರ ಬರೆದ. ಬರೆದು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ. ಎರಡು ನಿಮಿಷಕ್ಕೆ ಮತ್ತೆ ಎತ್ತಿ, ಆ ಫೋಟೋವನ್ನು ದೊಡ್ಡದು ಮಾಡಿ, ದಿಲೀಪನ ಮುಖವನ್ನು ಬದಿಗೆ ಸರಿಸಿ, ಹಿಂದಿನ ಗೋಡೆಯಲ್ಲಿ ತೋಡು ಕಾಣುತ್ತದೆಯೇ ಎಂದು ಹುಡುಕಿದ. ದಿಲೀಪನ ಭುಜ ಅಡ್ಡ ಬಂದಿತ್ತು. ಅವನ ಭುಜದ ಮೇಲೂ ಸಿಟ್ಟು ಬಂತು. ಇಂಥ ಸಣ್ಣತನ ತನ್ನೊಳಗೆ ಎಲ್ಲಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು, ಆದರೆ ಆಶ್ಚರ್ಯದಿಂದ ಉರಿ ಕಡಿಮೆಯಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲ್ ಬಂತು. ಅಲ್ಲಿ ಆಗ ಮಧ್ಯಾಹ್ನ ಒಂದು. ದಿಲೀಪನ ಮುಖ ಬಿಸಿಲಿಗೆ ಕೆಂಪಾಗಿತ್ತು.

"ಮೇಷ್ಟ್ರೇ, ಹೇಗಿದೀರಾ? ಒಂದ್ ವಿಷ್ಯ ಹೇಳಿ. ಇಲ್ಲಿಂದ ಎಂಟ್ನೂರು ಮೆಟ್ಲು ಹತ್ತಿದ್ರೆ ಏನೋ ಮಠ ಐತಂತೆ. ನಿಮ್ಮ ನೋಟ್‌ಬುಕ್ಕಲ್ಲಿ ಅದರ ಬಗ್ಗೆ ಏನೂ ಇಲ್ಲ. ಬಾಡಿಗೆ ಕತ್ತೆಯವ್ರು ಹತ್ತು ಹತ್ತು ಅಂತಿದಾರೆ, ಅವ್ರಿಗೆ ಅದು ಬಿಸಿನೆಸ್ಸು. ಹತ್ಲಾ, ಬೇಡ್ವಾ? ನೀವು ಹೇಳಿದ ಹಾಗೆ."

ಅವನ ಹಿಂದೆ ಮೊದಲ ನಾಲ್ಕು ಮೆಟ್ಟಿಲು ಕಾಣುತ್ತಿದ್ದವು. ಸವೆದು ನಡುವೆ ತಗ್ಗಾದ ಮೆಟ್ಟಿಲು.

"ಮೇಲೆ ಏನೂ ಇಲ್ಲ ಕಣೋ" ಎಂದ ಸುಬ್ರಾಯ. ತನ್ನ ದನಿ ಎಷ್ಟು ಸಲೀಸಾಗಿದೆ ಎಂದು ಅವನಿಗೇ ಕೇಳಿಸಿತು. "ಖಜಾನೆ ನೋಡಿದ್ಯಲ್ಲ, ಅದರದ್ದೇ ಇನ್ನೊಂದು. ಅರ್ಧ ಸವೆದು ಹೋಗಿದೆ. ಅದಕ್ಕೇ ನಾನು ಬರೀಲಿಲ್ಲ. ಈ ಬಿಸಿಲಲ್ಲಿ ಮಂಡಿ ಯಾಕೆ ನೋಯಿಸ್ಕೋತೀಯ? ಊರಿಗೆ ವಾಪಸ್ ಹೋಗಿ ರೆಸ್ಟ್ ಮಾಡು."

"ಅಷ್ಟೇ ಅಲ್ವಾ? ಥ್ಯಾಂಕ್ಸ್ ಮೇಷ್ಟ್ರೇ. ನೀವಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಫೋನಿಟ್ಟ ಮೇಲೆ ಸುಬ್ರಾಯನಿಗೆ ಹಿತವೆನಿಸಿತು. ರುಚಿ ಇಲ್ಲದ ನಾಲಿಗೆಯಲ್ಲಿ ಮೂರು ದಿನದಿಂದ ಅರ್ಧಕ್ಕೇ ಬಿಡುತ್ತಿದ್ದ ಸಾರನ್ನವನ್ನು ಅಂದು ಪೂರ್ತಿ ಉಂಡ. ಅವನಿಗೆ ಎಲ್ಲ ಸಿಕ್ಕಿಲ್ಲ, ನನಗೊಂದು ಉಳಿದಿದೆ ಎಂದುಕೊಂಡ. ಅದಾದ ಅರ್ಧ ಗಂಟೆಗೆ ಹಿತ ಹೋಯಿತು. ಈಗಲೂ ಫೋನ್ ಮಾಡಬಹುದು, ಅಲ್ಲಿ ಇನ್ನೂ ಒಂದೂವರೆ. ತಪ್ಪು ಹೇಳಿದೆ, ಹತ್ತು ಎನ್ನಬಹುದು. ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯಲ್ಲಿ ನಿಂತ. ಎರಡಾಯಿತು, ಅಲ್ಲಿ ನಾಲ್ಕು. ಇನ್ನು ಹತ್ತಿದರೆ ಕತ್ತಲಾಗುತ್ತದೆ ಎಂದು ಗೊತ್ತಾದ ಮೇಲೆಯೇ ಫೋನನ್ನು ಕೆಳಗಿಟ್ಟ.

ದಿಲೀಪ್ ಹಿಂದಿರುಗಿದ ಮೂರನೆಯ ದಿನ ದೀಪಾವಳಿ. ಅವನ ಮನೆಯಲ್ಲಿ ಹತ್ತು ಜನ ಸೇರಿದರು. ಸುಬ್ರಾಯನ ಪ್ರತ್ಯೇಕವಾಸವೂ ಮುಗಿದಿತ್ತು. ದಿಲೀಪ್ ಟಿವಿಯಲ್ಲಿ ಫೋಟೋಗಳನ್ನು ಹಾಕಿದ. ಪ್ರತಿಯೊಂದಕ್ಕೂ, "ಇದು ಮೇಷ್ಟ್ರು ಹೇಳಿದ ಜಾಗ", "ಇಷ್ಟು ಹೊತ್ತಿಗೇ ಹೋಗು ಅಂತ ಬರೆದುಕೊಟ್ಟಿದ್ರು" ಎಂದು ಹೇಳುತ್ತಲೇ ಹೋದ. ಎಲ್ಲರೂ ಸುಬ್ರಾಯನತ್ತ ನೋಡಿ ತಲೆದೂಗಿದರು. ಮೂಲೆಯಲ್ಲಿದ್ದ ಚಾಮರಾಜ ಎಂಬ ಎಂಜಿನಿಯರ್, ಹಿಂದೆ ಕಂಪನಿ ಕೆಲಸದ ಮೇಲೆ ಜೋರ್ಡಾನಿಗೆ ಹೋಗಿಬಂದಿದ್ದವನು, ಬಾಯಿ ಹಾಕಿದ.

"ಮಠದ ಫೋಟೋ ಎಲ್ಲಪ್ಪಾ? ಅದೇ ಅಲ್ವಾ ಅಸಲು!"

"ಅದು ಬೇಡ ಅಂದ್ರು ಮೇಷ್ಟ್ರು. ನನ್ನ ಮಂಡಿ ಬಗ್ಗೆ ಅವ್ರಿಗೆ ಕಾಳಜಿ" ಎಂದು ದಿಲೀಪ್ ನಕ್ಕ.

ಚಾಮರಾಜ ತನ್ನ ಫೋನು ತೆಗೆದು, ಹಳೆಯ ಚಿತ್ರ ಹುಡುಕಿ, ಅವನ ಕೈಗೆ ಕೊಟ್ಟ. ದಿಲೀಪ್ ಬಹಳ ಹೊತ್ತು ನೋಡಿದ. ಬೆಟ್ಟದಿಂದ ಹೊರಟುಬಂದ ಹಾಗೆ ನಿಂತ ಕಟ್ಟಡ, ಅದರ ಹೊಸ್ತಿಲಲ್ಲಿ ಇರುವೆಯಷ್ಟು ಸಣ್ಣ ಮನುಷ್ಯ. ಆಮೇಲೆ ತಲೆ ಎತ್ತಿ ಸುಬ್ರಾಯನನ್ನು ನೋಡಿದ. "ಇರ್ಲಿ ಬಿಡಿ" ಎಂದು ಫೋನು ವಾಪಸ್ಸು ಕೊಟ್ಟ. ಆ ಸಂಜೆ ಮತ್ತೆ ಮೇಷ್ಟ್ರ ಹೆಸರೆತ್ತಲಿಲ್ಲ.

ಒಂದು ತಿಂಗಳು ಇಬ್ಬರೂ ಲಿಫ್ಟಿನಲ್ಲಿ ಸಿಕ್ಕರೆ ಹವಾಮಾನದ ಬಗ್ಗೆ ಮಾತಾಡಿದರು. ಸುಬ್ರಾಯ ತಡೆಯಲಾರದೆ ಗೀತಾಗೆ ಎಲ್ಲ ಹೇಳಿದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. "ನಂಗ್ಯಾಕೆ ಹೇಳ್ತೀರಾ? ಮೆಟ್ಲು ಹತ್ತದೆ ಬಂದವ್ನು ನಾನಲ್ಲ. ಅವ್ನಿಗೆ ಹೇಳಿ."

ಡಿಸೆಂಬರಿನ ಒಂದು ಭಾನುವಾರ ಸುಬ್ರಾಯ ದಿಲೀಪನನ್ನು ಡಬ್ಲಿನ್ನಿನ ಪಕ್ಕದ ಬಂದರು ಡನ್ ಲಿಯರಿಗೆ ಕರೆದ. ಸಮುದ್ರದೊಳಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟೆಯ ಮೇಲೆ ಜನ ನಾಯಿಗಳ ಜೊತೆ ಓಡಾಡುತ್ತಿದ್ದರು. ಗಾಳಿ ಮುಖಕ್ಕೆ ರಾಚುತ್ತಿತ್ತು. ದೀಪಸ್ತಂಭದ ಹತ್ತಿರ ಬಂದ ಮೇಲೆ ಸುಬ್ರಾಯ ಮಾತು ತೆಗೆದ.

"ದಿಲೀಪಾ, ಆ ಮಠದ ವಿಷ್ಯ. ನಾನು ಸುಳ್ಳು ಹೇಳಿದೆ. ಅಲ್ಲಿಯ ಎಲ್ಲಕ್ಕಿಂತ ಚೆನ್ನಾಗಿರೋದು ಅದೇ ಅಂತ ನಂಗೆ ಗೊತ್ತಿತ್ತು."

"ಯಾಕೆ ಹೇಳಿದ್ರಿ?"

"ಹೊಟ್ಟೆಕಿಚ್ಚು. ಬೇರೆ ಏನೂ ಇಲ್ಲ. ನೀನು ನೋಡಿ, ನಾನು ನೋಡದೆ ಇರೋದನ್ನ ತಡ್ಕೊಳಕ್ಕಾಗ್ಲಿಲ್ಲ."

ದಿಲೀಪ್ ಕಟ್ಟೆಯ ಗೋಡೆಗೆ ಒರಗಿ ಸಮುದ್ರ ನೋಡಿದ. "ಜನವರಿಯಿಂದ ನಂಗೆ ದಕ್ಷಿಣದಲ್ಲಿ, ಕಾರ್ಕ್ ಕಡೆ ಹೊಸ ಕೆಲ್ಸ. ಬ್ಯಾಲಿನ್‌ಕೊಲಿಗ್‌ನಲ್ಲಿ ಮನೆ ನೋಡಿದೀನಿ. ಇನ್ನೊಂದ್ಸಲ ವಾದಿ ಮೂಸಾಗೆ ಹೋಗ್ತೀನೋ ಇಲ್ವೋ ಮೇಷ್ಟ್ರೇ. ನಂಗೆ ಕಲ್ಲು ನೋಡೋದು ಕಲಿಸಿದ್ದು ನೀವು. ನೀವೇ ಹೀಗೆ ಮಾಡಿದ್ರಲ್ಲ ಅಂತ ಬೇಜಾರು. ಆವತ್ತು ದೀಪಾವಳಿಲೇ ಗೊತ್ತಾಯ್ತು ನಂಗೆ. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ."

ಸ್ವಲ್ಪ ದೂರ ನಡೆದ ಮೇಲೆ ದಿಲೀಪನೇ ಮತ್ತೆ ಶುರು ಮಾಡಿದ.

"ಆವತ್ತು ಮಧ್ಯಾಹ್ನ ಬೇಗ ವಾಪಸ್ ಬಂದ್ನಲ್ಲ, ಹೋಟ್ಲಲ್ಲಿ ಸುಮ್ನೆ ಕೂತಿದ್ದೆ. ಸಾಲಿಮ್‌ನ ಅಪ್ಪ ಅಂತ ಒಬ್ಬ ಮುದುಕ ಬಂದ. ಬಾ ಅಂತ ಕೈಸನ್ನೆ ಮಾಡಿ ಊರಿನ ಮೇಲಿನ ಗುಡ್ಡಕ್ಕೆ ಕರ್ಕೊಂಡ್ ಹೋದ. ಅಲ್ಲೊಂದು ನೀರಿನ ಗುಂಡಿ. ಮೇಕೆಗಳಿಗೆ ನೀರು ಕುಡಿಸಿದ. ಅದೇನು ಅಂಥ ವಿಶೇಷ ಅಂತ ಗೊತ್ತಾಗ್ಲಿಲ್ಲ, ಫೋಟೋನೂ ತೆಗೀಲಿಲ್ಲ."

ಸುಬ್ರಾಯನ ಕಾಲು ನಿಂತಿತು. "ಎಂಥ ಗುಂಡಿ?"

"ಬಂಡೇಲಿ ಕೊರೆದದ್ದು. ಚೌಕಾಕಾರ. ಮೇಲಿಂದ ಸಣ್ಣ ತೋಡು ಇಳಿದು ಬರುತ್ತೆ. ಮಳೆ ಬಂದ್ರೆ ಈಗ್ಲೂ ಅದರಲ್ಲೇ ತುಂಬತ್ತಂತೆ. ಪ್ರತಿ ವರ್ಷ ಮಳೆಗೆ ಮುಂಚೆ ಅವ್ನೇ ಕೈ ಹಾಕಿ ಆ ತೋಡಿನ ಮಣ್ಣು ತೆಗೀತಾನಂತೆ. ಅವ್ನ ಅಜ್ಜನೂ ತೆಗೀತಿದ್ನಂತೆ."

"ನೀನು ಕೈ ಹಾಕಿದ್ಯಾ?"

"ಹ್ಞೂಂ. ತಣ್ಣಗಿತ್ತು."

ಕ್ಷಮೆ ಕೇಳಲು ಬಂದವನ ಎದೆಯಲ್ಲಿ ಮತ್ತೆ ಭಗ್ಗೆಂದಿತು. ಈ ಸಲದ್ದು ಮೊದಲಿನದಕ್ಕಿಂತ ಜೋರು. ಎರಡು ಸಾವಿರ ವರ್ಷದ ತೋಡು, ಇನ್ನೂ ನೀರು ಹರಿಸುತ್ತಿರುವ ತೋಡು, ಅದನ್ನು ಶುಚಿ ಮಾಡುವ ಕೈಯ ಪಕ್ಕದಲ್ಲೇ ನಿಂತು ದಿಲೀಪ್ ಬೆರಳಿಟ್ಟು ಬಂದಿದ್ದಾನೆ. ಅಲ್ಲಿಗೆ ಅವನನ್ನು ಕಳಿಸಿದ್ದು ತನ್ನ ಸುಳ್ಳೇ. ಆ ಮೆಟ್ಟಿಲು ಹತ್ತಲು ಬಿಟ್ಟಿದ್ದರೆ ಮುದುಕ ಸಿಗುತ್ತಿರಲಿಲ್ಲ.

ದಿಲೀಪ್ ಅವನ ಮುಖ ನೋಡಿದ. ನೋಡುತ್ತಲೇ ಇದ್ದು, ನಂಬಲಾಗದವನಂತೆ ಕೇಳಿದ. "ಮೇಷ್ಟ್ರೇ, ಈಗ್ಲೂ ಹೊಟ್ಟೆ ಉರೀತಿದ್ಯಾ?"

"ಹೌದು ಕಣೋ" ಎಂದ ಸುಬ್ರಾಯ. ಕಣ್ಣಲ್ಲಿ ನೀರು ಬಂತು, ಗಾಳಿಗೋ ಮತ್ತೆ ಯಾತಕ್ಕೋ. "ತುಂಬಾ."

ದಿಲೀಪನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಬೇಜಾರು ಹೋಗಿಬಿಟ್ಟಿತೆಂದಲ್ಲ. ಹಿಂದಿರುಗುವ ರೈಲಿನಲ್ಲಿ ಅವನು ಹೆಚ್ಚು ಮಾತಾಡಲಿಲ್ಲ, ಬ್ಯಾಲಿನ್‌ಕೊಲಿಗ್‌ಗೆ ಹೋದ ಮೇಲೆ ಎರಡು ತಿಂಗಳು ಅವನಿಂದ ಫೋನೂ ಬರಲಿಲ್ಲ. ಆದರೆ ಅಂದು ಇಳಿಯುವ ಮುಂಚೆ ಕಾಫಿ ಅಂಗಡಿಯ ಒಂದು ಕಾಗದದ ಚೀಲದ ಹಿಂದೆ ಆ ಗುಡ್ಡದ ದಾರಿಯನ್ನು ಗೀಚಿಕೊಟ್ಟಿದ್ದ.

ಇಪ್ಪತ್ತೆರಡರ ಏಪ್ರಿಲ್‌ನಲ್ಲಿ, ಇಂಚರಾಳ ಶಾಲೆಗೆ ಈಸ್ಟರ್ ರಜೆ ಬಂದಾಗ, ಸುಬ್ರಾಯ ಹೆಂಡತಿ ಮಗಳ ಜೊತೆ ವಾದಿ ಮೂಸಾಕ್ಕೆ ಹೋದ. ಅದೇ ಹೋಟೆಲು. ಸಾಲಿಮ್‌ನ ಅಪ್ಪ, ಹಲ್ಲಿಲ್ಲದ ಎತ್ತರದ ಮುದುಕ, ಇವರು ಡಬ್ಲಿನ್ನಿನವರು ಎಂದು ತಿಳಿದದ್ದೇ "ದಿಲೀಬ್? ದಿಲೀಬ್?" ಎಂದು ಬಾಗಿಲಾಚೆ ಇಣುಕಿದ. ಅವನು ಬಂದಿಲ್ಲ ಎಂದಾಗ ಮುಖ ಸಣ್ಣದಾಯಿತು. ಸುಬ್ರಾಯನಿಗೆ ಅದೂ ಚುಚ್ಚಿತು. ಆದರೂ ಫೋನಿನಲ್ಲಿ ದಿಲೀಪನ ಫೋಟೋ ತೆಗೆದು ತೋರಿಸಿದ. ಮುದುಕ ಅದನ್ನು ಮುಟ್ಟಿ ಏನೋ ಹರಸಿದ, ಮಾರನೆಯ ಬೆಳಿಗ್ಗೆ ಮೂವರನ್ನೂ ಗುಡ್ಡಕ್ಕೆ ಕರೆದೊಯ್ದ. ಸುಬ್ರಾಯ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ ತೋಡಿನಲ್ಲಿ ಬೆರಳಿಟ್ಟ. ಉಳಿಯ ಗುರುತು ಇನ್ನೂ ಒರಟಾಗಿತ್ತು. ಅರ್ಧ ಗಂಟೆ ಅಲ್ಲಿಂದ ಏಳಲೇ ಇಲ್ಲ. ಮೇಕೆಗಳು ಬಂದು ಅವನನ್ನು ತಳ್ಳಿಕೊಂಡು ನೀರು ಕುಡಿದವು.

ಕೊನೆಯ ದಿನ ಮೆಟ್ಟಿಲುಗಳ ಬುಡದಲ್ಲಿ ಅವನು ನಿಂತುಬಿಟ್ಟ. "ನೀವಿಬ್ರು ಹೋಗ್ಬನ್ನಿ. ನಾನು ಹತ್ತಲ್ಲ."

"ರೀ, ಇದೆಂಥ ಹುಚ್ಚು? ಇಷ್ಟು ದೂರ ಬಂದು!" ಎಂದಳು ಗೀತಾ.

"ದಿಲೀಪ ನೋಡಿಲ್ಲ. ಅವ್ನು ಬಂದಾಗ ಜೊತೆಗೇ ಹತ್ತುತ್ತೀನಿ."

ಗೀತಾ ಅವನ ಮುಖ ನೋಡಿ, ಮಗಳ ಕೈ ಹಿಡಿದು ಹೊರಟಳು. ಸುಬ್ರಾಯ ಒಂದು ಚಹಾದಂಗಡಿಯ ನೆರಳಲ್ಲಿ ಕುಳಿತು, ನೀನು ಬರುವವರೆಗೆ ನಾನೂ ಹತ್ತುವುದಿಲ್ಲ ಎಂದು ದಿಲೀಪನಿಗೆ ಬರೆದು ಕಳಿಸಿದ. ಎರಡು ಗಂಟೆ ಕಾದ. ತಾಯಿ ಮಗಳು ಇಳಿದು ಬಂದಾಗ ಅವರ ಮುಖದಲ್ಲಿದ್ದ ಹೊಳಪು ದೂರಕ್ಕೇ ಕಂಡಿತು. ಗೀತಾ ಏನನ್ನೋ ಹೇಳಲು ಬಾಯಿ ತೆಗೆದು, ಅವನನ್ನು ನೋಡಿ, ಸುಮ್ಮನಾದಳು. ಆ ಕರುಣೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.

ದಿಲೀಪನ ಉತ್ತರ ಬಂದದ್ದು ಮಾರನೆಯ ದಿನ, ರಾಜಧಾನಿ ಅಮ್ಮಾನಿಗೆ ಹೊರಟ ಬಸ್ಸು ಊರು ದಾಟಿದ ಮೇಲೆ. 'ಎಂಥ ಮನುಷ್ಯ ನೀವು ಮೇಷ್ಟ್ರೇ! ಹತ್ತೋದಲ್ವಾ! ಆಯ್ತು, ಮುಂದಿನ ಅಕ್ಟೋಬರ್. ಈ ಸಲ ಟೆಸ್ಟ್ ನೆಗೆಟಿವ್ ಬರ್ಲಿ.'

ಸುಬ್ರಾಯ ಫೋನನ್ನು ಜೇಬಿಗಿಟ್ಟು ಪಕ್ಕದಲ್ಲಿದ್ದ ಇಂಚರಾಳತ್ತ ತಿರುಗಿದ. "ಮೇಲೆ ಹೇಗಿತ್ತು ಪುಟ್ಟಾ?"

"ಇಟ್ ವಾಸ್ ಮ್ಯಾಸಿವ್, ಅಪ್ಪಾ. ಬಾಗಿಲೇ ನಮ್ಮ ಸ್ಕೂಲ್‌ಗಿಂತ ಟಾಲ್" ಎಂದಳು ಅವಳು. ಕಲಸುಮೇಲೋಗರದ ಆ ಭಾಷೆಯಲ್ಲಿ ಕೈ ಎತ್ತಿ ಎತ್ತಿ ಅಳತೆ ತೋರಿಸುತ್ತ ಹೇಳತೊಡಗಿದಳು. ಸುಬ್ರಾಯನ ಹೊಟ್ಟೆ ಮತ್ತೆ ಉರಿಯಿತು. ಕೇಳಿಸಿಕೊಳ್ಳುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ.